ಟ್ರಾಕ್ಟರಿನ ಡೀಸೆಲ್ ಟ್ಯಾಂಕು ಸೋರಿದಾಗ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)





ನಾನು ಭಾಷಣಗಾರ ಅಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ ಗದ್ದೆಗೆ ಇಳಿದವನು. ಬೆಳಗ್ಗೆಯಿಂದ ತಿಳಿದವರು ಸಹಕಾರದ ಬಗ್ಗೆ ಮಾತಾಡಿದ್ದಾರೆ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ನಮ್ಮ ಸಂಘದ ಇಪ್ಪತ್ತೈದು ವರ್ಷದವರೆಗೆ ಎಲ್ಲಾ ಹೇಳಿ ಆಗಿದೆ. ನನಗೆ ಸಮಿತಿಯವರು ಕೊಟ್ಟ ವಿಷಯ 'ಕೃಷಿಯಲ್ಲಿ ಯಂತ್ರಗಳ ನಿರ್ವಹಣೆ'. ಅಷ್ಟು ದೊಡ್ಡ ವಿಷಯ ನನ್ನ ಕೈಯಲ್ಲಿ ಆಗುವುದಿಲ್ಲ. ಅದರಲ್ಲಿ ನನಗೆ ಚೆನ್ನಾಗಿ ಗೊತ್ತಿರುವ, ನನ್ನ ಕೈ ಸುಟ್ಟುಕೊಂಡು ಕಲಿತ ಒಂದೇ ಒಂದು ಸಂಗತಿ ಹೇಳುತ್ತೇನೆ. ಕೈ ಸುಟ್ಟುಕೊಂಡು ಅಂದೆ, ಅದೂ ಸರಿಯಲ್ಲ. ಸುಟ್ಟದ್ದು ಬೇರೆಯವರ ಕೈ. ಆ ವಿಷಯಕ್ಕೆ ಆಮೇಲೆ ಬರ್ತೇನೆ.

ವಿಷಯ ಇಷ್ಟೇ: ಹಳೇ ಟ್ರಾಕ್ಟರಿನ ಡೀಸೆಲ್ ಟ್ಯಾಂಕು ಸೋರಿದರೆ ಏನು ಮಾಡಬೇಕು, ಏನು ಮಾಡಬಾರದು.

ಕೆಲವರು ನಗ್ತಾ ಇದ್ದೀರಿ. ರಜತ ಮಹೋತ್ಸವದಲ್ಲಿ ಟ್ಯಾಂಕಿನ ತೂತಿನ ಮಾತೇ ಅಂತ. ಇರಲಿ, ಕೇಳಿ.

ನಮ್ಮೂರು ಹೊಸನಗರ ತಾಲೂಕಿನ ಅಂಚು. ಒಂದು ಕಡೆ ಹೋದರೆ ಸಾಗರ, ಇನ್ನೊಂದು ಕಡೆ ಹೋದರೆ ತೀರ್ಥಹಳ್ಳಿ. ಈ ಮೂರು ತಾಲೂಕಿನ ಗದ್ದೆ ಬಯಲುಸೀಮೆಯ ಹೊಲದ ಹಾಗಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮಕ್ಕಿಗದ್ದೆ, ಕೆಳಗೆ ಮೊಣಕಾಲುದ್ದ ಕೆಸರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹ ಮಾಡಿದರು. 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾಗಿ ಉಳುವವನಿಗೇ ಹೊಲ ಅಂತ ಆಯ್ತು. ನಮ್ಮ ಅಜ್ಜನಿಗೂ ಹಾಗೇ ಎರಡೂವರೆ ಎಕರೆ ಗದ್ದೆ ಸಿಕ್ಕಿತು. ಅಜ್ಜ ಕೋಣ ಕಟ್ಟಿ ಹೂಡಿದರು. ಅಪ್ಪಯ್ಯ ಎತ್ತು ಕಟ್ಟಿದರು. ಕಡೆಗೆ ಅಪ್ಪಯ್ಯನೇ ಒಂದು ಹಳೇ ಟ್ರಾಕ್ಟರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಅದು ಅಂಗಳಕ್ಕೆ ಬಂದ ದಿನ ಅಮ್ಮ ಅದಕ್ಕೆ ಆರತಿ ಎತ್ತಿ, ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದು ನನಗೆ ನಿನ್ನೆ ಮೊನ್ನೆಯ ಹಾಗೆ ಇದೆ. ಅದೇ ಟ್ರಾಕ್ಟರ್ ಇವತ್ತೂ ನಮ್ಮ ಮನೆಯಲ್ಲಿದೆ. ಕಂಪನಿ ಹೆಸರು ಬೇಡ. ತಪ್ಪು ಕಂಪನಿಯದ್ದಲ್ಲ, ನನ್ನದು.

ಹೊಸದು ತಗೊಳ್ಳೋದಲ್ವಾ ಅಂತ ಕೇಳ್ತೀರಿ. ಹಳೇ ಟ್ರಾಕ್ಟರ್ ಇಟ್ಟುಕೊಂಡವರು ಶೋಕಿಗೆ ಇಟ್ಟುಕೊಂಡದ್ದಲ್ಲ ಮಾರಾಯ್ರೇ. ಸಾಲ ತೀರಿದ ಗಾಡಿ ಅದು. ಉತ್ತದ್ದಷ್ಟೂ ನಮ್ಮದೇ. ಆದರೆ ಹಳೇ ಗಾಡಿಗೆ ಸಾಮಾನು ಸಿಗುವುದು ಕಷ್ಟ. ಎಚ್‌ಎಂಟಿ ಉದಾಹರಣೆ ತಗೊಳ್ಳಿ. 1971ರಲ್ಲಿ ಜೆಟರ್ 2511 ಅಂತ ಶುರು ಮಾಡಿದ ಸರ್ಕಾರಿ ಕಂಪನಿ. ಅದರ ಟ್ರಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯ್ತು. ಗಾಡಿ ಮಾತ್ರ ಇನ್ನೂ ಗದ್ದೆಯಲ್ಲಿ ಓಡುತ್ತದೆ. ಅಂಥ ಗಾಡಿಯ ಟ್ಯಾಂಕು ತೂತಾದರೆ ಶೋರೂಮಿಗೆ ಹೋಗಿ ಹೊಸದು ತರುವ ಹಾಗಿಲ್ಲ. ರಿಪೇರಿಯೇ ಗತಿ. ಅದಕ್ಕೇ ರಿಪೇರಿ ಹೇಗೆ ಅಂತ ತಿಳಿದಿರಬೇಕು.

ಒಂದು ಲೋಟದ ಲೆಕ್ಕ

ನಮ್ಮ ಗಾಡಿಯ ಟ್ಯಾಂಕು ಬಾನೆಟ್ಟಿನ ಕೆಳಗೆ, ಇಂಜಿನ್ನಿನ ಮೇಲೆ ಕೂತಿದೆ. ಒಂದು ವರ್ಷ ಬೇಸಿಗೆ ಕಡೆಯಲ್ಲಿ ಗಾಡಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ರೂಪಾಯಿ ಅಗಲದ ಕಲೆ ಕಾಣ್ತು. ಒಂದು ವಾರಕ್ಕೆ ಅದು ತಟ್ಟೆ ಅಗಲ ಆಯ್ತು. ನಾನು ಒಂದಿಷ್ಟು ಬೂದಿ ಎರಚಿ ಸುಮ್ಮನಾದೆ. ಅಮ್ಮ ಬಿಡಲಿಲ್ಲ. ಒಂದು ರಾತ್ರಿ ಎಂಟು ಗಂಟೆಗೆ ಹನಿ ಬೀಳುವ ಕಡೆ ಒಂದು ಅಲ್ಯುಮಿನಿಯಂ ಲೋಟ ಇಟ್ಟು, ಬೆಳಗ್ಗೆ ಆರಕ್ಕೆ ನನ್ನ ಮುಂದೆ ತಂದಿಟ್ಟರು. ಲೋಟ ತುಂಬಿತ್ತು, ಇನ್ನೂರು ಎಂ.ಎಲ್. ಹತ್ತು ಗಂಟೆಗೆ ಒಂದು ಲೋಟ ಅಂದರೆ ಒಂದು ದಿನಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್. ತಿಂಗಳಿಗೆ ಹದಿನಾಲ್ಕು ಲೀಟರಿನ ಮೇಲೆ. ಡೀಸೆಲ್ ದರ ನಿಮಗೇ ಗೊತ್ತು, ಗುಣಿಸಿಕೊಳ್ಳಿ.

ನಮ್ಮ ಸಂಘದ ಗೋಡೆ ಮೇಲೆ ಬರೆದಿದೆ, 'ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ' ಅಂತ. ಕೂಡುವ ಹನಿಯನ್ನು ನಾವು ನೋಡುತ್ತೇವೆ. ಸೋರುವ ಹನಿಯೂ ಅದೇ ಲೆಕ್ಕದಲ್ಲಿ ಹಳ್ಳ ಆಗ್ತದೆ. ಅದನ್ನು ನೋಡೋದಿಲ್ಲ.

ದುಡ್ಡೊಂದೇ ಅಲ್ಲ. ಸೋರಿದ ಡೀಸೆಲ್ ಬಿಸಿ ಸೈಲೆನ್ಸರಿನ ಕಡೆ ಹರಿದರೆ ಬೆಂಕಿ. ಟೈರಿನ ಮೇಲೆ ಬಿದ್ದರೆ ರಬ್ಬರ್ ಉಬ್ಬಿ ಹಾಳಾಗ್ತದೆ. ನಮ್ಮಲ್ಲಿ ಗಾಡಿ ನಿಲ್ಲಿಸೋದೇ ಹುಲ್ಲಿನ ಗೊಣಬೆ ಪಕ್ಕ, ಕೊಟ್ಟಿಗೆ ಪಕ್ಕ, ಅಡಿಕೆ ಸಿಪ್ಪೆ ರಾಶಿ ಪಕ್ಕ. ಬಾವಿ ಕಡೆಗೆ ಇಳಿಜಾರಿದ್ದರೆ ಮಳೆಗಾಲದಲ್ಲಿ ಕುಡಿಯುವ ನೀರಿಗೇ ವಾಸನೆ.

ತೂತು ಬೀಳುವುದು ಯಾಕೆ?

ಟ್ಯಾಂಕು ಹೆಚ್ಚಾಗಿ ಒಳಗಿಂದ ತೂತಾಗ್ತದೆ. ಡೀಸೆಲ್‌ಗಿಂತ ನೀರು ಭಾರ. ಹೇಗೇ ಒಳಗೆ ಹೋದರೂ ತಳಕ್ಕೆ ಇಳಿದು ಕೂರ್ತದೆ. ನೀರು ಎಲ್ಲಿಂದ ಬಂತು? ಅರ್ಧ ಖಾಲಿ ಇರುವ ಟ್ಯಾಂಕಿನೊಳಗೆ ಗಾಳಿ ಇರ್ತದೆ. ರಾತ್ರಿ ತಂಪಾದಾಗ ಆ ಗಾಳಿಯ ಪಸೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟಿದ ಹಾಗೆ, ಒಳಗೋಡೆಯಲ್ಲಿ ಹನಿ ಕಟ್ತದೆ. ನಮ್ಮ ಮಳೆಗಾಲದಲ್ಲಿ ಇದು ದಿನಾ ನಡೆಯುವ ಕೆಲಸ. ತಿಂಗಳುಗಟ್ಟಲೆ ನೀರು ನಿಂತ ಕಡೆ ತಗಡು ತುಕ್ಕು ಹಿಡಿದು ಬೀಡಿ ಎಲೆಯಷ್ಟು ತೆಳುವಾಗ್ತದೆ.

ಹೊರಗಿಂದ ಹಾಳಾಗುವುದು ಪಟ್ಟಿಯ ಅಡಿಯಲ್ಲಿ. ಟ್ಯಾಂಕನ್ನು ಬಿಗಿದಿರುವ ಕಬ್ಬಿಣದ ಪಟ್ಟಿ ಇದೆಯಲ್ಲ, ಅದರ ರಬ್ಬರು ಹರಿದು ಹೋದರೆ ಅಲ್ಲಿ ಕೆಸರು ಸೇರಿ ಒದ್ದೆ ಆರುವುದೇ ಇಲ್ಲ. ಜೊತೆಗೆ ಇಂಜಿನ್ನಿನ ನಡುಕಕ್ಕೆ ತಗಡು ತಿಕ್ಕಿ ತಿಕ್ಕಿ ಸವೀತದೆ.

ನಮ್ಮ ಕಡೆಯವರಿಗೇ ವಿಶೇಷವಾದ ಮೂರನೆಯದು ಒಂದಿದೆ, ಕೊಳೆ ಔಷಧಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಸ್ಲಿ ಕೋಲ್ಮನ್ ಸಾಹೇಬರು ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ರೂಢಿಗೆ ತಂದ ಮೇಲೆ ನಮ್ಮ ತೋಟ ಉಳೀತು. ಅದು ಬೇರೆ ಮಾತು. ಬೋರ್ಡೋ ಮಾಡುವವರಿಗೆಲ್ಲ ಒಂದು ಪರೀಕ್ಷೆ ಗೊತ್ತು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಕೂಡಿಸಿ, ಉಜ್ಜಿದ ಕತ್ತಿ ಅದ್ದಿ ನೋಡ್ತೇವೆ. ಕತ್ತಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಕತ್ತಿಗೆ ಆದದ್ದೇ ಟ್ಯಾಂಕಿಗೂ ಆಗ್ತದೆ ಅಂತ ಯಾರೂ ಯೋಚಿಸೋದಿಲ್ಲ. ಸುಣ್ಣ ಕೂಡಿಸದ ಬರೀ ಮೈಲುತುತ್ತದ ನೀರಿನ ಡ್ರಮ್ಮನ್ನು ಟ್ರಾಕ್ಟರಿನಲ್ಲಿ ಇಟ್ಟು ತೋಟಕ್ಕೆ ಒಯ್ದು, ಹಾದಿಯುದ್ದ ತುಳುಕಿಸಿಕೊಂಡು ಹೋಗ್ತೇವೆ. ಪೊಟ್ಯಾಶು, ಯೂರಿಯಾ ಚೀಲದ ಧೂಳೂ ಅಷ್ಟೇ, ಒದ್ದೆ ತಗಡಿನ ಮೇಲೆ ಕೂತರೆ ತುಕ್ಕು ಬೇಗ. ಸಂಜೆ ಎರಡು ಕೊಡ ನೀರು ಹಾಕಿ ತೊಳೆದರೆ ಮುಗೀತು. ಎಷ್ಟು ಜನ ತೊಳೀತೇವೆ?

ಮೊದಲು ತೂತು ಹುಡುಕಿ

ಹನಿ ಬಿದ್ದ ಕೂಡಲೇ ಟ್ಯಾಂಕು ತೂತಾಯ್ತು ಅಂತ ಬಿಚ್ಚಬೇಡಿ. ಡೀಸೆಲ್ ತಗಡಿನ ಮೇಲೆ ಹರಿದು ಹರಿದು ಬೇರೆ ಕಡೆ ಹನಿಯಾಗ್ತದೆ. ಸೋರೋದು ಒಂದು ಕಡೆ, ಬೀಳೋದು ಇನ್ನೊಂದು ಕಡೆ. ನಮ್ಮ ಪಕ್ಕದ ಮನೆಯವರು ಟ್ಯಾಂಕು ಬಿಚ್ಚಿ ಹೊತ್ತುಕೊಂಡು ಪೇಟೆಗೆ ಹೋದರು. ಅಲ್ಲಿ ನೀರು ತುಂಬಿ ನೋಡಿದರೆ ತೂತೇ ಇಲ್ಲ. ಹೋಗಿದ್ದು ಕೆಳಗಿನ ಕಾಕಿನ ತಾಮ್ರದ ವಾಷರು. ಕೈಬೆರಳಿಗೆ ಸಿಗುವ ವಾಷರಿಗಾಗಿ ಎರಡು ದಿನ ಗಾಡಿ ನಿಂತಿತು.

ಟ್ಯಾಂಕಿನ ತಳವನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಪಸೆ ಮೊದಲು ಕಾಣಿಸಿಕೊಂಡ ಕಡೆಯೇ ಕಳ್ಳ ಇದ್ದಾನೆ. ಕಾಕಿನ ವಾಷರು, ಪೈಪಿನ ನಟ್ಟು, ನಾಝಲ್‌ನಿಂದ ವಾಪಸು ಬರುವ ರಬ್ಬರ್ ಪೈಪು, ಮೇಲಿನ ಮೀಟರಿನ ಪ್ಯಾಕಿಂಗು, ಇವನ್ನು ಮೊದಲು ನೋಡಿ. ಇವೆಲ್ಲ ಸರಿ ಇದ್ದರೆ ಆಮೇಲೆ ಟ್ಯಾಂಕಿನ ಮೇಲೆ ಅನುಮಾನ ಪಡಿ.

ಗದ್ದೆಯ ನಡುವೆ ಸೂಜಿಮೊನೆಯಷ್ಟು ತೂತು ಬಿತ್ತು ಅಂದರೆ ಸ್ನಾನದ ಸೋಪು ತಂದು ಗಟ್ಟಿಯಾಗಿ ಉಜ್ಜಿ. ಡೀಸೆಲ್‌ಗೆ ಸೋಪು ಕರಗುವುದಿಲ್ಲ, ಮನೆ ಸೇರುವವರೆಗೆ ನಿಲ್ತದೆ. ನೀರು ಬಿದ್ದರೆ ಮಾತ್ರ ಹೋಯ್ತು. ಅದಕ್ಕಿಂತ ಗಟ್ಟಿ ಎಂ-ಸೀಲು. ಆದರೆ ಡೀಸೆಲ್ ಒಸರುತ್ತಾ ಇರುವಾಗಲೇ ಎಂ-ಸೀಲ್ ಮೆತ್ತಿದರೆ ಅದು ಅಂಟುವುದೇ ಇಲ್ಲ. ಟ್ಯಾಂಕಿನಲ್ಲಿ ಡೀಸೆಲನ್ನು ತೂತಿಗಿಂತ ಕೆಳಗೆ ಇಳಿಸಿ, ಬಣ್ಣ ಹೋಗಿ ಬಿಳಿ ತಗಡು ಕಾಣುವವರೆಗೆ ಮರಳು ಕಾಗದದಲ್ಲಿ ಉಜ್ಜಿ, ಜಿಡ್ಡು ಪೂರಾ ತೆಗೆದು, ಎರಡೂ ಭಾಗ ಸಮ ಕಲಸಿ, ತೂತಿನ ಸುತ್ತ ಅಗಲಕ್ಕೆ ಒತ್ತಿ, ರಾತ್ರಿಯಿಡೀ ಒಣಗಲು ಬಿಡಿ. ಈ ಎರಡಕ್ಕೂ ಬೆಂಕಿ ಬೇಡ. ಎಲ್ಲಿ ಬೆಂಕಿ ಇಲ್ಲದೆ ಆಗ್ತದೋ ಅಲ್ಲಿ ಬೆಂಕಿ ತರಬೇಡಿ.

ಅವತ್ತು ಆದದ್ದು

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೇನೆ.

ಲೋಟದ ಲೆಕ್ಕ ಹೇಳಿದೆನಲ್ಲ, ಅಮ್ಮ ಅದನ್ನು ತೋರಿಸಿದ ಮೇಲೂ ನಾನು ಏನೂ ಮಾಡಲಿಲ್ಲ. ಸೋಪು ಉಜ್ಜಿ, ಎಂ-ಸೀಲ್ ಮೆತ್ತಿ ದಿನ ದೂಡಿದೆ. ಆರಿದ್ರಾ ಮಳೆ ಹಿಡೀತು. ಮೂರು ಮನೆಯ ನಾಟಿಗೆ ಹೆಣ್ಣಾಳು ಹೇಳಿ ಆಗಿತ್ತು, ಅಗೆ ಕಿತ್ತು ಕಟ್ಟು ಕಟ್ಟಿ ಇಟ್ಟಾಗಿತ್ತು. ಮೂರೂ ಗದ್ದೆಯ ಕೆಸರು ಹೂಟಿ ನನ್ನ ಗಾಡಿಯದ್ದೇ. ಅದೇ ದಿನ ಬೆಳಗ್ಗೆ ಎಂ-ಸೀಲ್ ಕಿತ್ತು ಬಂದು ಡೀಸೆಲ್ ದಾರದ ಹಾಗೆ ಇಳಿಯಲಿಕ್ಕೆ ಶುರುವಾಯ್ತು.

ಟ್ಯಾಂಕು ಬಿಚ್ಚಿ, ಇದ್ದ ಡೀಸೆಲನ್ನು ಕ್ಯಾನಿಗೆ ಬಗ್ಗಿಸಿ, ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಯಾವ ಪೇಟೆ, ಯಾವ ಅಂಗಡಿ ಅಂತ ಹೇಳೋದಿಲ್ಲ. ಮೇಸ್ತ್ರಿ ಚಾ ಕುಡಿಯಲಿಕ್ಕೆ ಹೋಗಿದ್ದರು. ಹತ್ತೊಂಬತ್ತು ವರ್ಷದ ಹುಡುಗ ಒಬ್ಬನೇ ಇದ್ದ. ನಮ್ಮ ಸೀಮೆಯವನೇ.

ಆ ಹುಡುಗ ಕೇಳಿದ, "ಅಣ್ಣ, ಟ್ಯಾಂಕು ತೊಳೆದಿದ್ದೀರಾ?"

ನಾನು ಹೇಳಿದೆ, "ತೊಳೆದೇ ತಂದಿದ್ದೇನೆ ಮಾರಾಯ. ಡೀಸೆಲ್ ಅಲ್ವಾ, ಪೆಟ್ರೋಲ್ ಏನಲ್ಲ. ಬೇಗ ಮಾಡು, ಗದ್ದೆಯಲ್ಲಿ ಆಳು ಕೂತಿದ್ದಾರೆ."

ನಾನು ತೊಳೆದಿರಲಿಲ್ಲ. ಬಗ್ಗಿಸಿ ಖಾಲಿ ಮಾಡಿದ್ದೆ, ಅಷ್ಟೇ. ಮುಚ್ಚಳ ಕೂಡ ಬಿಗಿದೇ ಇತ್ತು.

ಅವನು ಗ್ಯಾಸ್ ಹಚ್ಚಿ ಬೆಂಕಿಯನ್ನು ತಗಡಿಗೆ ಹಿಡಿದ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗರ್ನಾಲು ಹೊಡೆದ ಹಾಗೆ ಒಂದು ಶಬ್ದ. ಟ್ಯಾಂಕಿನ ತಳ ಕುಂಬಳಕಾಯಿಯ ಹಾಗೆ ಉಬ್ಬಿ ಒಂದು ಬದಿ ಬಿರಿದಿತ್ತು. ಮುಚ್ಚಳ ಹಾರಿ ಅಂಗಡಿಯ ಶೀಟಿಗೆ ಬಡಿದಿತ್ತು. ಹುಡುಗ ಎರಡು ಮಾರು ಆಚೆ ಬಿದ್ದಿದ್ದ. ಬಲಗೈ ಮೊಣಕೈವರೆಗೆ, ಕೆನ್ನೆಯ ಒಂದು ಬದಿ ಸುಟ್ಟಿತ್ತು, ಹುಬ್ಬು ಹೋಗಿತ್ತು. ಕಣ್ಣಿಗೆ ಗಾಗಲ್ಸ್ ಹಾಕಿಕೊಂಡಿದ್ದ, ಅದಕ್ಕೆ ಕಣ್ಣು ಉಳೀತು.

ಸೇರಿದವರಲ್ಲಿ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು, ಇನ್ನೊಬ್ಬರು ಶಾಯಿ ಅಂದರು. ನಾವು ಪೇಸ್ಟ್ ಹಚ್ಚಿಯೇ ಆಸ್ಪತ್ರೆಗೆ ಒಯ್ದೆವು. ಅದನ್ನು ತೆಗೆಯುವಾಗ ಅವನು ಪಟ್ಟ ಸಂಕಟ ನಾನು ನೋಡಿದ್ದೇನೆ. ಡಾಕ್ಟ್ರು ಹೇಳಿದ್ದನ್ನು ನಿಮಗೂ ಹೇಳಿಬಿಡ್ತೇನೆ: ಸುಟ್ಟ ಗಾಯಕ್ಕೆ ಮೊದಲು ತಣ್ಣೀರು, ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಉಂಗುರ, ವಾಚು ಕೂಡಲೇ ತೆಗೀರಿ. ಪೇಸ್ಟು, ಶಾಯಿ, ತುಪ್ಪ, ಎಣ್ಣೆ ಯಾವುದೂ ಬೇಡ. ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಖರ್ಚು ನಾನು ಕೊಟ್ಟೆ. ಇದೇ ಸಂಘದಿಂದ ಸಾಲ ತೆಗೆದು ಕೊಟ್ಟೆ, ಎರಡು ಅಡಿಕೆ ಕೊಯ್ಲಿನಲ್ಲಿ ತೀರಿಸಿದೆ. ಊರಿನಲ್ಲಿ ಜನ ನನ್ನನ್ನು ಒಳ್ಳೆಯವನು ಅಂದರು. 'ಹುಡುಗನ ಅಜಾಗರೂಕತೆ, ಪಾಪ, ಇವರು ದುಡ್ಡು ಕೊಟ್ಟರು' ಅಂತ. ಅವನಿಗೆ ಒಂದು ವರ್ಷ ಯಾವ ಅಂಗಡಿಯಲ್ಲೂ ಕೆಲಸ ಕೊಡಲಿಲ್ಲ, 'ಟ್ಯಾಂಕು ಹಾರಿಸಿದವನು' ಅಂತ ಹೆಸರು ಬಂತು. ನಾನು ತೊಳೆದಿದ್ದೇನೆ ಅಂತ ಸುಳ್ಳು ಹೇಳಿದ್ದು ಅವನಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹದಿನೈದು ವರ್ಷ ಆಯ್ತು.

ಇವತ್ತು ಈ ಮೈಕಿನಲ್ಲಿ ಹೇಳ್ತಾ ಇದ್ದೇನೆ. ತಪ್ಪು ಅವನದ್ದಲ್ಲ, ನನ್ನದು.

ಹೇಳುವ ಮೊದಲು ಅವನನ್ನು ಕೇಳಿದೆ. "ಹೇಳಿ ಅಣ್ಣ, ನನ್ನ ಹೆಸರು ಮಾತ್ರ ಬೇಡ. ಆದರೆ ನೀರು ತುಂಬುವ ವಿಷಯ ಮರೀಬೇಡಿ" ಅಂದ. ಅವನು ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ. ಯಾರು ಎಷ್ಟೇ ತೊಳೆದು ತಂದಿದ್ದೇನೆ ಅಂದರೂ, ತಾನೇ ಇನ್ನೊಮ್ಮೆ ತೊಳೆಯದೆ ಗ್ಯಾಸ್ ಹಚ್ಚುವುದಿಲ್ಲ. ಇನ್ನು ಮುಂದೆ ನಾನು ಹೇಳುವ ರೀತಿ ಅವನು ಕಲಿಸಿದ್ದು.

ಖಾಲಿ ಟ್ಯಾಂಕೇ ಅಪಾಯ

ಡೀಸೆಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕು ಹೆಚ್ಚು ಅಪಾಯ. ಇದು ತಲೆಗೆ ಹತ್ತಬೇಕು.

ಉರಿಯುವುದು ಡೀಸೆಲ್ ಅಲ್ಲ, ಡೀಸೆಲ್‌ನ ಆವಿ. ಆವಿ ಗಾಳಿಯ ಜೊತೆ ಕೂಡಿದಾಗ ಹೊತ್ತಿಕೊಳ್ತದೆ. ಪೆಟ್ರೋಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡ್ತದೆ. ಡೀಸೆಲ್ ಹಾಗಲ್ಲ, ಸ್ವಲ್ಪ ಬಿಸಿ ಬೇಕು. ಅದಕ್ಕೇ ನಾವು 'ಡೀಸೆಲ್ ಅಲ್ವಾ' ಅಂತ ಸಸಾರ ಮಾಡ್ತೇವೆ. ಆದರೆ ಗ್ಯಾಸ್ ವೆಲ್ಡಿಂಗಿನ ಬೆಂಕಿ ಮೂರು ಸಾವಿರ ಡಿಗ್ರಿಗೂ ಮೇಲೆ. ಖಾಲಿ ಟ್ಯಾಂಕಿನ ಮೂಲೆಯಲ್ಲಿ, ತುಕ್ಕಿನ ಪದರದ ಅಡಿಯಲ್ಲಿ, ಜೋಡಣೆಯ ಸಂದಿನಲ್ಲಿ ಒಂದೆರಡು ಚಮಚ ಡೀಸೆಲ್ ಅಂಟಿಕೊಂಡೇ ಇರ್ತದೆ. ತಗಡು ಕಾದ ಕೂಡಲೇ ಅದು ಆವಿಯಾಗ್ತದೆ. ಒಳಗಿನ ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಆವಿ ಇದ್ದರೂ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇಲ್ಲ. ಖಾಲಿ ಟ್ಯಾಂಕಿನಲ್ಲಿ ಆವಿಗೂ ಜಾಗ, ಗಾಳಿಗೂ ಜಾಗ. ಹಾಗಂತ ಡೀಸೆಲ್ ತುಂಬಿಕೊಂಡು ವೆಲ್ಡಿಂಗ್ ಮಾಡಿ ಅಂತ ಅಲ್ಲ! ತುಂಬಬೇಕಾದ್ದು ನೀರು.

ರಿಪೇರಿಯ ಕ್ರಮ

ಒಂದು. ಟ್ಯಾಂಕನ್ನು ಗಾಡಿಯಿಂದ ಬಿಚ್ಚಲೇಬೇಕು. ಗಾಡಿಯ ಮೇಲೇ ಇಟ್ಟು ಬೆಸುಗೆ ಹಾಕಬಾರದು. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೀರಿ. ಡೀಸೆಲ್ ಬಗ್ಗಿಸುವುದು ಬಯಲಿನಲ್ಲಿ. ಬಚ್ಚಲೊಲೆಯ ಹತ್ತಿರ ಬೇಡ, ಬಾಯಲ್ಲಿ ಬೀಡಿ ಬೇಡ.

ಎರಡು. ಬಿಸಿನೀರಿಗೆ ವಾಷಿಂಗ್ ಸೋಡಾ ಕರಗಿಸಿ ಟ್ಯಾಂಕಿಗೆ ಹಾಕಿ. ತುಕ್ಕು ಬಿಡಿಸಲಿಕ್ಕೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಚೆನ್ನಾಗಿ ಕುಲುಕಿ. ನಟ್ಟನ್ನು ಎಣಿಸಿ ಹಾಕಿ, ಎಣಿಸಿ ತೆಗೀರಿ. ನಾನು ಒಮ್ಮೆ ಇಪ್ಪತ್ತು ಹಾಕಿ ಹತ್ತೊಂಬತ್ತು ತೆಗೆದು, ಉಳಿದ ಒಂದಕ್ಕಾಗಿ ಅರ್ಧ ದಿನ ಟ್ಯಾಂಕನ್ನು ಮಗುವಿನ ಹಾಗೆ ತೂಗಿದ್ದೇನೆ. ಹೀಗೆ ಎರಡು ಮೂರು ಸಲ ತೊಳೆದು, ಆಮೇಲೆ ಬರೀ ಬಿಸಿನೀರು. ಮೂಗಿಟ್ಟು ನೋಡಿದರೆ ಡೀಸೆಲ್ ವಾಸನೆ ಇರಬಾರದು. ವಾಸನೆ ಇಲ್ಲ ಅಂದ ಮಾತ್ರಕ್ಕೆ ನಂಬಬಾರದು, ಮೂರನೆಯದು ಬಿಡಬಾರದು. ಪೆಟ್ರೋಲ್ ಹಾಕಿ ತೊಳೆಯುವವರು ಇದ್ದಾರೆ. ಅದು ಬೆಂಕಿಗೆ ತುಪ್ಪ ಹೊಯ್ದ ಹಾಗೆ.

ಮೂರು. ಇದೇ ಮುಖ್ಯ. ತೂತು ಮೇಲೆ ಬರುವ ಹಾಗೆ ಟ್ಯಾಂಕನ್ನು ಮಗುಚಿ ಇಟ್ಟು, ತೂತಿನ ಒಂದಿಂಚು ಕೆಳಗಿನವರೆಗೆ ನೀರು ತುಂಬಬೇಕು. ಆವಿಗೆ, ಗಾಳಿಗೆ ಆದಷ್ಟೂ ಜಾಗ ಇರಬಾರದು. ಕೆಳಗೆ ಹೋದ ಬಾಯಿಗೆ ಬೂಚು ಜಡಿದು ನೀರು ನಿಲ್ಲಿಸಿ. ಆದರೆ ನೀರಿಗಿಂತ ಮೇಲೆ ಒಂದು ಬಾಯಿ ತೆರೆದೇ ಇರಬೇಕು, ಹಬೆ ಹೊರಗೆ ಹೋಗಬೇಕು. ಎಲ್ಲಾ ಕಡೆ ಬಿಗಿದ ಟ್ಯಾಂಕಿಗೆ ಬೆಂಕಿ ಹಿಡಿಯುವುದು ಅಂದರೆ ಬಾಂಬಿಗೆ ಹಿಡಿದ ಹಾಗೆ. ಹಾಗೆ ಬಾಯಿ ತೆರೆದು ನಿಲ್ಲಿಸಲಿಕ್ಕೆ ಆಗದಿದ್ದರೆ ಆ ಟ್ಯಾಂಕಿಗೆ ಬೆಂಕಿಯ ಕೆಲಸ ಬೇಡ.

ಕೆಲವು ಕಡೆ ಇನ್ನೊಂದು ಗಾಡಿಯ ಹೊಗೆಯನ್ನು ಪೈಪಿನಲ್ಲಿ ಟ್ಯಾಂಕಿಗೆ ಬಿಟ್ಟು, ಗಾಳಿ ಹೋಯ್ತು ಅಂತ ವೆಲ್ಡಿಂಗ್ ಮಾಡ್ತಾರೆ. ನಂಬಬೇಡಿ. ಡೀಸೆಲ್ ಇಂಜಿನ್ನಿನ ಹೊಗೆಯಲ್ಲಿ ಉರಿಯಲಿಕ್ಕೆ ಬೇಕಾದಷ್ಟು ಆಮ್ಲಜನಕ ಉಳಿದೇ ಇರ್ತದೆ.

ನಾಲ್ಕು. ಬೆಸುಗೆ ಯಾವುದು? ಸಣ್ಣ ತೂತಿಗೆ ರೇಡಿಯೇಟರ್ ಅಂಗಡಿಯವರು ಹಾಕುವ ಸೀಸದ ಬೆಸುಗೆ ಸಾಕು. ಅದು ಇನ್ನೂರು ಡಿಗ್ರಿಯ ಆಸುಪಾಸಿನಲ್ಲೇ ಕರಗ್ತದೆ, ಕಾದ ಕಬ್ಬಿಣದ ಕಡ್ಡಿಯಲ್ಲೇ ಆಗ್ತದೆ, ಉರಿ ಬೇಡ. ಸ್ವಲ್ಪ ದೊಡ್ಡದಕ್ಕೆ ತಗಡಿನ ತೇಪೆ ಇಟ್ಟು ಹಿತ್ತಾಳೆ ಬೆಸುಗೆ. ಸುತ್ತ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ತಗಡು ಒಳಗೆ ಕುಸಿದರೆ ಆ ಟ್ಯಾಂಕಿಗೆ ತೇಪೆ ಹಾಕಿ ಪ್ರಯೋಜನ ಇಲ್ಲ. ಇವತ್ತು ಇಲ್ಲಿ ಮುಚ್ಚಿದರೆ ನಾಳೆ ಪಕ್ಕದಲ್ಲಿ. ಅಂಥದ್ದಕ್ಕೆ ಹೊಸ ತಗಡಿನಲ್ಲಿ ಟ್ಯಾಂಕು ಮಾಡಿಸುವುದೇ ಲಾಭ.

ಐದು. ಬೆಸುಗೆ ಆದ ಮೇಲೆ ಪೂರಾ ನೀರು ತುಂಬಿ ಒಂದು ರಾತ್ರಿ ಮಣೆಯ ಮೇಲೆ ಇಡಿ, ಕೆಳಗೆ ಒಣ ಕಾಗದ ಹಾಸಿ. ಕಂಪ್ರೆಸರಿನ ಗಾಳಿ ಬಿಟ್ಟು ಪರೀಕ್ಷೆ ಮಾಡಬೇಡಿ, ಅಷ್ಟು ಒತ್ತಡಕ್ಕೆ ಮಾಡಿದ ತಗಡಲ್ಲ ಅದು. ಬೆಳಗ್ಗೆ ಕಾಗದ ಒಣಗಿಯೇ ಇದ್ದರೆ ನೀರು ಚೆಲ್ಲಿ ಬಿಸಿಲಿಗಿಡಿ, ಪೂರಾ ಒಣಗಲಿ. ಒಂದು ಲೀಟರ್ ಡೀಸೆಲ್ ಹಾಕಿ ಕುಲುಕಿ ಬೇರೆ ಮಾಡಿ, ಅದನ್ನು ಮತ್ತೆ ಗಾಡಿಗೆ ಹಾಕಬೇಡಿ.

ಆರು. ಕೂರಿಸುವಾಗ ಪಟ್ಟಿಯ ಅಡಿಗೆ ಹೊಸ ರಬ್ಬರು, ಹೊರಗೆ ಒಂದು ಕೈ ಬಣ್ಣ, ಹೊಸ ಡೀಸೆಲ್ ಫಿಲ್ಟರು. ಮುಚ್ಚಳದ ಸಣ್ಣ ಗಾಳಿ ತೂತು ಕಟ್ಟಿದೆಯಾ ನೋಡಿ. ಅದು ಕಟ್ಟಿದರೆ ಡೀಸೆಲ್ ಇಳಿಯದೆ ಗಾಡಿ ಗದ್ದೆ ನಡುವೆ ನಿಲ್ತದೆ. ಏರ್ ತೆಗೆದು ಸ್ಟಾರ್ಟ್ ಮಾಡಿ.

ಇನ್ನು ಮುಂದೆ ಹೀಗಾಗದ ಹಾಗೆ ಏನು ಮಾಡಬೇಕು? ಮಳೆಗಾಲದಲ್ಲಿ ಸಂಜೆ ಕೆಲಸ ಮುಗಿಸಿದಾಗಲೇ ಟ್ಯಾಂಕು ತುಂಬಿಸಿಡಿ, ಬೆಳಗ್ಗೆ ಅಲ್ಲ. ತುಂಬಿದ ಟ್ಯಾಂಕಿನಲ್ಲಿ ಹನಿ ಕಟ್ಟಲಿಕ್ಕೆ ಗಾಳಿ ಇಲ್ಲ. ವಾರಕ್ಕೊಮ್ಮೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ತಳದ ಪ್ಲಗ್ ಸಡಿಲಿಸಿ ಒಂದು ಅರ್ಧ ಲೋಟ ಹಿಡಿದು ನೋಡಿ. ಗಾಜಿನ ಲೋಟ ಆದರೆ ನೀರು ಕೆಳಗೆ ನಿಂತದ್ದು ಕಣ್ಣಿಗೇ ಕಾಣ್ತದೆ.

ಕಡೆಯ ಮಾತು

ನಿರ್ದೇಶಕನಾಗಿ ನನ್ನ ಒಂದು ಬೇಡಿಕೆ ಇದೆ, ಸದಸ್ಯರು ಒಪ್ಪಿದರೆ ಮುಂದಿನ ಸಭೆಯಲ್ಲಿ ಇಡ್ತೇನೆ. ಗೊಬ್ಬರ, ಔಷಧಿ ಮಾರುವ ನಮ್ಮ ಸಂಘದ ಮಳಿಗೆಯಲ್ಲಿ ಒಂದು ಡಬ್ಬದಲ್ಲಿ ತಾಮ್ರದ ವಾಷರು, ವಾಪಸು ಪೈಪಿನ ರಬ್ಬರು, ಪಟ್ಟಿಯ ರಬ್ಬರು ಇಡೋಣ. ನಾಟಿ ದಿನದಲ್ಲಿ ಐದು ರೂಪಾಯಿ ಸಾಮಾನಿಗೆ ಯಾರೂ ಇಪ್ಪತ್ತು ಮೈಲಿ ಹೋಗಬಾರದು. ಗೋಡೆಯಲ್ಲಿ ಬೆಂಕಿ ಆರಿಸುವ ಒಂದು ಪುಡಿ ಸಿಲಿಂಡರು ಇರಲಿ. ಸಾಗರ ತಾಲೂಕಿನ ಇರುವಕ್ಕಿಯಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಅಲ್ಲಿಯವರನ್ನು ಕೇಳಿ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಟ್ರಾಕ್ಟರ್ ಟಿಲ್ಲರ್ ಇರುವವರಿಗೆ ಒಂದು ದಿನದ ತರಬೇತಿ ಮಾಡೋಣ. ಮಳೆ ಹಿಡಿದ ಮೇಲೆ ಯಾರಿಗೂ ಪುರುಸೊತ್ತಿಲ್ಲ, ಪುರುಸೊತ್ತಿಲ್ಲದಾಗಲೇ ಇಂಥ ಅನಾಹುತ.

ಸಂಘದ ಕೆಲಸಕ್ಕೂ ಟ್ಯಾಂಕಿನ ಕೆಲಸಕ್ಕೂ ದೊಡ್ಡ ಅಂತರ ಏನಿಲ್ಲ. ಸಣ್ಣ ಸೋರಿಕೆಯನ್ನು ಸಣ್ಣದಿರುವಾಗಲೇ ಹೇಳಬೇಕು. ಸುಸ್ತಿ ಸಾಲವೂ ಹಾಗೇ, ಲೆಕ್ಕದ ತಪ್ಪೂ ಹಾಗೇ. ಬೂದಿ ಎರಚಿ ಮುಚ್ಚಿದರೆ ಒಂದು ದಿನ ಬೇರೆ ಯಾರದ್ದೋ ಕೈ ಸುಡ್ತದೆ. ಮತ್ತೆ, ಕೆಲಸ ಮಾಡುವವನು ಕೇಳಿದಾಗ ನಿಜ ಹೇಳಿ. ಆ ಹುಡುಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ನಾನು 'ಇಲ್ಲ, ತೊಳೆದಿಲ್ಲ' ಅಂದಿದ್ದರೆ ಒಂದು ಗಂಟೆ ತಡವಾಗ್ತಿತ್ತು. ನಾಟಿ ಮರುದಿನ ಆಗ್ತಿತ್ತು. ಅಷ್ಟೇ.

ಅವನು ಈ ಸಭೆಯಲ್ಲೇ ಹಿಂದೆ ಎಲ್ಲೋ ಕೂತಿದ್ದಾನೆ. ಹೋದ ತಿಂಗಳು ಸಂಘಕ್ಕೆ ಷೇರುದಾರನಾಗಿ ಸೇರಿದ. ಅವನ ಅರ್ಜಿಗೆ ಸೂಚಕನಾಗಿ ಸಹಿ ಹಾಕಿದವನು ನಾನು.

 

ಜೈ ಕಿಸಾನ್, ಜೈ ಸಹಕಾರ.